ಐವತ್ತೈದು ಲಕ್ಷ ಅಕ್ಷರಗಳು

ಅಶೋಕಪುರಂ, ಮೈಸೂರು
4 ಮಾರ್ಚ್ 2024

ಡಾ. ಸೌಮ್ಯಶ್ರೀ ಅವರಿಗೆ,

ನಾನು ಸುಮಾ. ಬಿಎಸ್ಸಿಯಲ್ಲಿ ಮೂರು ವರ್ಷ ನಿಮ್ಮ ಪಕ್ಕದಲ್ಲೇ ಕೂರುತ್ತಿದ್ದ ಸುಮಾ, ರೈಲ್ವೆ ವರ್ಕ್‌ಶಾಪಿನ ಸಣ್ಣಯ್ಯನವರ ಮಗಳು. ಒಂಬತ್ತು ವರ್ಷಗಳಾದ ಮೇಲೆ ಬರೆಯುತ್ತಿದ್ದೇನೆ. ಹಳೆಯದನ್ನು ಕೆದಕುವ ಉದ್ದೇಶವಿಲ್ಲ. ನಿಮ್ಮಿಂದ ಒಂದು ಕೆಲಸ ಆಗಬೇಕು.

ಬಿಎಸ್ಸಿ ಆದಮೇಲೆ ನಾನು ನರ್ಸಿಂಗ್ ಓದಿದೆ. ಹೋದ ಜುಲೈಯಿಂದ ನಗರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ, ಎಳೆಮಕ್ಕಳ ವಾರ್ಡಿನಲ್ಲಿ ಕೆಲಸ. ಫೆಬ್ರವರಿಯಲ್ಲಿ ಹತ್ತೇ ದಿನದೊಳಗೆ ಅಲ್ಲಿ ಮೂರು ಮಕ್ಕಳ ರಕ್ತಕ್ಕೆ ನಂಜು ಏರಿತು. ಎರಡು ಮಕ್ಕಳು ಉಳಿದುಕೊಂಡವು. ಮೂರನೆಯದು ಹನ್ನೊಂದು ದಿನದ ಗಂಡುಮಗು. ಹದಿನೇಳನೇ ತಾರೀಖು ಬೆಳಿಗ್ಗೆ ತೀರಿಕೊಂಡಿತು. ಆ ಮಗುವನ್ನು ನೋಡಿಕೊಳ್ಳುತ್ತಿದ್ದವಳು ನಾನು.

ಮಗುವಿನ ತಾಯಿ ಮಹದೇವಿ, ಚಾಮುಂಡಿ ಬೆಟ್ಟದವಳು. ಗಂಡ ಚಂದ್ರು ಬೆಟ್ಟದ ಮೇಲೆ ಹಣ್ಣುಕಾಯಿ ಅಂಗಡಿ ಇಟ್ಟಿದ್ದಾನೆ. ಅವಳು ವರಾಂಡದಲ್ಲಿ ಎಲ್ಲರ ಎದುರಿಗೆ ನನ್ನ ಕಡೆ ಕೈ ಚಾಚಿ, "ಇವಳೇ ಕಣ್ರೀ ನನ್ ಕಂದನ್ನ ಮುಟ್ತಿದ್ದವಳು, ಇವಳ ಕೈಯಿಂದ್ಲೇ ಆಗಿದ್ದು" ಎಂದು ಕೂಗಿದಳು. ಮಗು ಕಳೆದುಕೊಂಡವಳು, ಅವಳ ಮಾತಿಗೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಅದೇ ದಿನ ಆರು ಜನ ನರ್ಸುಗಳ ಅಂಗೈಯಿಂದ ಹತ್ತಿಯಲ್ಲಿ ಒರೆಸಿ ಪರೀಕ್ಷೆಗೆ ಕಳಿಸಿದರು. ನನ್ನೊಬ್ಬಳ ಕೈಯಲ್ಲಿ ಮಾತ್ರ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಮಕ್ಕಳ ರಕ್ತದಲ್ಲಿ ಇದ್ದದ್ದೂ ಅದೇ ಹೆಸರಿನದು. ಮಾಲೀಕರಾದ ಡಾ. ವಸಂತ್ ನನ್ನನ್ನು ಅಮಾನತು ಮಾಡಿ ನೋಟಿಸ್ ಬೋರ್ಡಿಗೆ ಹಾಕಿಸಿದರು. ಆಫೀಸಿನಲ್ಲಿ ಒಬ್ಬರು, "ಎಂಥೆಂಥ ಕೈಗೆ ಮಕ್ಕಳನ್ನ ಕೊಡ್ತೀವಿ ನೋಡಿ" ಎಂದರು. ಎಂಥ ಕೈ ಎಂದು ನಾನು ಕೇಳಲಿಲ್ಲ. ನನ್ನ ವಿಳಾಸ ಅವರ ಮುಂದಿನ ಫೈಲಿನಲ್ಲೇ ಇತ್ತು, ಅಶೋಕಪುರಂ ಯಾವ ಜಾತಿಯವರ ಬಡಾವಣೆ ಎಂದು ಮೈಸೂರಿಗೆಲ್ಲ ಗೊತ್ತು.

ಹೆಸರು ಒಂದೇ ಆದ ಮಾತ್ರಕ್ಕೆ ಎರಡೂ ಒಂದೇ ಮನೆಯವು ಎಂದು ಹೇಗೆ ಹೇಳುತ್ತಾರೆ? ನಮ್ಮ ಬೀದಿಯಲ್ಲೇ ನಾಲ್ಕು ಜನ ಸುಮಾ ಇದ್ದಾರೆ. ನೀವು ಬ್ಯಾಕ್ಟೀರಿಯಾಗಳ ಡಿಎನ್‌ಎ ಓದುವವರು ಎಂದು ಪತ್ರಿಕೆಯಲ್ಲಿ ನೋಡಿದ್ದೆ. ಓದಿ ಹೇಳಿ. ಜಿಲ್ಲಾ ಆರೋಗ್ಯ ಇಲಾಖೆಯವರು ವಿಚಾರಣೆಗೆ ಸಮಿತಿ ಮಾಡಿದ್ದಾರೆ, ಹದಿನಾರಕ್ಕೆ ನನ್ನನ್ನು ಕರೆದಿದ್ದಾರೆ. ಬರಿಗೈಯಲ್ಲಿ ಹೋಗಲು ನನಗೆ ಇಷ್ಟವಿಲ್ಲ.

ಇಂತಿ,
ಎಸ್. ಸುಮಾ

*

ಸರಸ್ವತಿಪುರಂ
8 ಮಾರ್ಚ್ 2024

ಪ್ರಿಯ ಸುಮಾ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ನಿನ್ನದೆಂದು ತಿಳಿಯಿತು. ಒಡೆಯಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ನೀನು ಕೇಳಿದ್ದು ಆಗುವ ಕೆಲಸ. ಎರಡು ಬ್ಯಾಕ್ಟೀರಿಯಾಗಳು ಒಂದೇ ಮನೆಯವೋ ಅಲ್ಲವೋ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಒಂಬತ್ತು ವರ್ಷದಿಂದ ನಾನು ಮಾಡುತ್ತಿರುವುದು ಅದೊಂದೇ. ಆದರೆ ಅದಕ್ಕೆ ಮೊದಲು ನೀನು ಮೂರು ವಿಷಯ ತಿಳಿದಿರಬೇಕು.

ನೀನು ಕೇಳಿದೆ ಎಂದು ನಾನು ಪರೀಕ್ಷೆ ಮಾಡುವಂತಿಲ್ಲ. ಸಮಿತಿ ನಮ್ಮ ಸಂಶೋಧನಾ ಕೇಂದ್ರಕ್ಕೆ ಬರೆಯಬೇಕು. ಹದಿನಾರರಂದು ನೀನೇ ಅದನ್ನು ಲಿಖಿತವಾಗಿ ಕೇಳು. ಅದಕ್ಕೂ ಮುಂಚೆ, ಇವತ್ತೇ ಸಾಧ್ಯವಾದರೆ, ಮಕ್ಕಳ ರಕ್ತ ಪರೀಕ್ಷೆ ಮಾಡಿದ ಲ್ಯಾಬಿಗೆ ಹೋಗಿ, ಬೆಳೆಸಿದ ಬ್ಯಾಕ್ಟೀರಿಯಾ ತಟ್ಟೆಗಳನ್ನು ಎಸೆಯಬೇಡಿ ಎಂದು ಬರೆದುಕೊಟ್ಟು, ಸ್ವೀಕರಿಸಿದ್ದಕ್ಕೆ ಸಹಿ ಹಾಕಿಸಿಕೊಂಡು ಬಾ. ಒಂದು ತಿಂಗಳಾದರೆ ಎಸೆದುಬಿಡುತ್ತಾರೆ.

ನಮ್ಮ ಮುಖ್ಯಸ್ಥರಾದ ಪ್ರೊ. ವೆಂಕಟಸುಬ್ಬಯ್ಯನವರಿಗೆ ವಿಷಯ ತಿಳಿಸಿದೆ. "ನಿಮಗೆ ಪರಿಚಯದವರೇನ್ರೀ?" ಎಂದರು. "ಗೆಳತಿ ಸರ್" ಎಂದೆ. "ಈಗ್ಲೂನಾ?" ಎಂದರು. ನಾನು ನಿನ್ನ ಕಾಗದವನ್ನು ಅವರ ಮುಂದಿಟ್ಟೆ. ಅವರು ಅದನ್ನು ಓದಿ, ಸ್ಯಾಂಪಲ್‌ಗಳ ಮೇಲೆ ಹೆಸರಿನ ಬದಲು ಬರೀ ಸಂಖ್ಯೆ ಇರಲಿ, ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಸಮಿತಿಯ ಬಳಿಯೇ ಇರಲಿ ಎಂದು ತೀರ್ಮಾನಿಸಿದರು. ಹಾಗಾಗಿ ನಿನ್ನ ಕೈ ಯಾವುದು ಎಂದು ನನಗೆ ಗೊತ್ತಿರುವುದಿಲ್ಲ. ನಾವಿಬ್ಬರೂ ಫೋನಿನಲ್ಲಿ ಮಾತಾಡುವುದು, ಭೇಟಿಯಾಗುವುದು ಬೇಡ. ಬರೆಯೋಣ. ಪ್ರತಿ ಕಾಗದದ ನಕಲನ್ನು ಫೈಲಿನಲ್ಲಿ ಇಡುತ್ತೇನೆ. ನಾಳೆ ಯಾರಾದರೂ ಗೆಳತಿಯರು ಸೇರಿ ಹೊಂದಿಸಿಕೊಂಡರು ಎಂದರೆ ತೆಗೆದು ತೋರಿಸಬಹುದು.

ಕೊನೆಯದು. ಫಲಿತಾಂಶ ನಿನ್ನ ವಿರುದ್ಧ ಬಂದರೆ ಅದನ್ನೂ ಹಾಗೆಯೇ ಬರೆಯುತ್ತೇನೆ. ಅದಕ್ಕೆ ಒಪ್ಪಿಗೆಯಿದ್ದರೆ ಮಾತ್ರ ಮುಂದುವರಿ.

ನಿನ್ನ,
ಸೌಮ್ಯಶ್ರೀ

*

ಅಶೋಕಪುರಂ
19 ಮಾರ್ಚ್ 2024

ಡಾ. ಸೌಮ್ಯಶ್ರೀ ಅವರಿಗೆ,

ಒಪ್ಪಿಗೆ ಇದೆ. ವಿರುದ್ಧ ಬರುವುದಿಲ್ಲ, ನನ್ನ ಕೈ ನನಗೆ ಗೊತ್ತು. ಬಂದರೆ ಬರೆಯಿರಿ.

ನಿಮ್ಮ ಕಾಗದ ಬಂದ ದಿನವೇ ಲ್ಯಾಬಿಗೆ ಹೋದೆ. ಅಲ್ಲಿನವರು ಫ್ರಿಜ್ಜು ತೆಗೆದು ನೋಡಿ, "ಅಯ್ಯೋ, ಈ ವಾರ ಎಸೀಬೇಕು ಅಂತ ಪಟ್ಟಿ ಮಾಡಿಟ್ಟಿದ್ವಿ ಮೇಡಂ" ಎಂದರು. ಸಹಿ, ಮೊಹರು ಎರಡೂ ಹಾಕಿಸಿಕೊಂಡು ಬಂದೆ.

ಸಮಿತಿಯಲ್ಲಿ ಮೂವರು. ಅಧ್ಯಕ್ಷರು ಡಾ. ಗುರುಸಿದ್ದಯ್ಯ, ವಯಸ್ಸಾದವರು. ಡಾ. ವಸಂತ್ ಕೂಡ ಬಂದಿದ್ದರು. ನಾನು ಅರ್ಜಿ ಮುಂದಿಟ್ಟೆ. ಡಾ. ವಸಂತ್ ಓದಿ, "ಕೈಯಲ್ಲಿ ಸಿಕ್ಕಿದೆ, ಮಗೂಲಿ ಸಿಕ್ಕಿದೆ. ಇನ್ನೇನಮ್ಮ ಬೇಕು?" ಎಂದರು.

"ಸರ್, ವಾರ್ಡಲ್ಲಿ ನನ್ನ ಕೈ ಒಂದೇ ಇರ್ಲಿಲ್ಲ. ನಲ್ಲಿ ಇತ್ತು, ಸಿಂಕಿತ್ತು, ಆಮ್ಲಜನಕದ ನೀರಿನ ಬಾಟಲಿ ಇತ್ತು, ಹಾಲಿನ ಫ್ರಿಜ್ಜಿತ್ತು. ಅವನ್ನ ಯಾಕೆ ಒರೆಸಿ ನೋಡ್ಲಿಲ್ಲ?" ಎಂದೆ.

ಗುರುಸಿದ್ದಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಕೇಳ್ತಿರೋದ್ರಲ್ಲಿ ತಪ್ಪೇನಿದೆ ಡಾಕ್ಟ್ರೇ? ಬರೀರಿ, ಕಳಿಸೋಣ" ಎಂದು ಗುಮಾಸ್ತರಿಗೆ ಹೇಳಿದರು.

ನಮ್ಮ ವಾರ್ಡಿನಲ್ಲಿ ನೀರು ನಿಲ್ಲುವ, ಪಸೆ ಆರದ ಜಾಗಗಳನ್ನೆಲ್ಲ ಸಮಿತಿಗೆ ಬರೆದುಕೊಟ್ಟಿದ್ದೇನೆ, ನಿಮಗೂ ಗೊತ್ತಿರಲಿ. ಬಾಗಿಲ ಪಕ್ಕದ ಸಿಂಕಿನಲ್ಲಿ ನೀರು ಬೇಗ ಇಳಿಯುವುದಿಲ್ಲ. ಅದರ ಬಲಗಡೆಯ ಕಲ್ಲಿನ ಮೇಲೆ, ಮಕ್ಕಳಿಗೆ ಹಾಲು ಕುಡಿಸುವ ಒಳಲೆಗಳನ್ನು ತೊಳೆದು, ಕುದಿಸಿ, ಬಟ್ಟೆ ಹಾಸಿ ಆರಲು ಇಡುತ್ತಿದ್ದೆವು. ಕಿಟಕಿಯ ಕೂಲರ್ ಕೆಳಗೆ ಸದಾ ಒದ್ದೆ. ತೊಟ್ಟಿಲುಗಳ ರಬ್ಬರ್ ಹಾಸಿನ ಮಡಿಕೆಯೂ ಬೇಗ ಒಣಗುವುದಿಲ್ಲ.

ಅಪ್ಪ ವಿಚಾರಣೆಯ ದಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮನೆಗೆ ಬರುವಾಗ ಆಟೋದಲ್ಲಿ ಒಂದೇ ಮಾತು ಕೇಳಿದರು: "ಆ ಹುಡುಗಿ ಮಾಡ್ಕೊಡ್ತಾಳಾ?" ಮಾಡುತ್ತಾರೆ ಎಂದೆ.

ಇಂತಿ,
ಎಸ್. ಸುಮಾ

*

ಸರಸ್ವತಿಪುರಂ
10 ಏಪ್ರಿಲ್ 2024

ಪ್ರಿಯ ಸುಮಾ,

ಸ್ಯಾಂಪಲ್‌ಗಳು ಬಂದಿವೆ. ಒಂದರಿಂದ ಒಂಬತ್ತು. ಕೆಲವು ಮಕ್ಕಳವು, ಒಂದು ಸಿಬ್ಬಂದಿಯದು, ಉಳಿದವು ಹೋಲಿಕೆಗೆಂದು ಸಮಿತಿ ಬೇರೆ ಕಡೆಯಿಂದ ತರಿಸಿ ಸೇರಿಸಿದವು, ಇಷ್ಟೇ ನನಗೆ ಗೊತ್ತು. ಸಿಂಕು, ನಲ್ಲಿಗಳ ಸ್ಯಾಂಪಲ್ ಇನ್ನೂ ಬಂದಿಲ್ಲ. ನರ್ಸಿಂಗ್ ಹೋಮಿನವರು ದಿನ ಕೊಡುತ್ತಿಲ್ಲವಂತೆ. ಸಮಿತಿ ಎರಡನೇ ನೋಟಿಸ್ ಕಳಿಸಿದೆ.

ನಾವು ಏನು ಮಾಡುತ್ತೇವೆಂದು ಹೇಳುತ್ತೇನೆ, ಫಲಿತಾಂಶ ಬಂದಾಗ ನೀನೇ ಓದಿಕೊಳ್ಳಬಹುದು. ಈ ಬ್ಯಾಕ್ಟೀರಿಯಾದ ಡಿಎನ್‌ಎ ಎಂದರೆ ಸುಮಾರು ಐವತ್ತೈದು ಲಕ್ಷ ಅಕ್ಷರಗಳ ಒಂದು ಸಾಲು. ಇರುವುದು ನಾಲ್ಕೇ ಬಗೆಯ ಅಕ್ಷರ, ಅವೇ ಹಿಂದುಮುಂದಾಗಿ ಬರುತ್ತವೆ. ಒಂದು ಬ್ಯಾಕ್ಟೀರಿಯಾ ಎರಡಾಗುವಾಗ ಇಡೀ ಸಾಲನ್ನು ನಕಲು ಮಾಡುತ್ತದೆ. ಬಹಳ ಎಚ್ಚರಿಕೆಯಿಂದಲೇ ಮಾಡುತ್ತದೆ. ಆದರೂ ಅಪರೂಪಕ್ಕೊಮ್ಮೆ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಅದರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಾಗೆಯೇ ದಾಟುತ್ತದೆ. ಒಂದು ವಂಶದಲ್ಲಿ ವರ್ಷಕ್ಕೆ ಐದಾರು ಹೊಸ ತಪ್ಪು ಸೇರಬಹುದು, ಅಷ್ಟೇ. ನಾವು ಆ ತಪ್ಪುಗಳನ್ನು ಎಣಿಸುತ್ತೇವೆ. ಎರಡರ ನಡುವೆ ಸಾವಿರಾರು ವ್ಯತ್ಯಾಸವಿದ್ದರೆ ಅವು ಹೆಸರಿಗೆ ಮಾತ್ರ ಒಂದೇ. ಒಂದೆರಡು ಇದ್ದರೆ ಇತ್ತೀಚೆಗೆ ಕವಲೊಡೆದ ಬಂಧುಗಳು.

ಇನ್ನೊಂದು ವಿಷಯ ಬರೆಯಬೇಕು. ಫಲಿತಾಂಶ ಬಂದಮೇಲೆ ಬರೆದರೆ ಅದಕ್ಕೆ ಬೇರೆ ಅರ್ಥ ಬರುತ್ತದೆ. ಬಿಎಸ್ಸಿ ಪ್ರಾಜೆಕ್ಟಿನ ಭಿತ್ತಿಪತ್ರದಲ್ಲಿ ನನ್ನ ಹೆಸರು ಮಾತ್ರ ಬಂದದ್ದು ಮೇಷ್ಟರ ಅಚಾತುರ್ಯ ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಅಚ್ಚಿಗೆ ಕೊಡುವ ಮೊದಲು ಅವರು ಕೇಳಿದರು, "ಜೊತೇಲಿ ಇನ್ಯಾರಾದ್ರೂ ಇದ್ದಾರಾ?" ಎಂದು. ಕೆರೆಯ ನೀರು ತಂದವಳು ನೀನು. ಅದರಿಂದ ಬ್ಯಾಕ್ಟೀರಿಯಾ ಬೆಳೆಸಿದವಳು ನೀನು. ನಾನು ಇಲ್ಲ ಎನ್ನಲಿಲ್ಲ, ಇದ್ದಾಳೆ ಎಂದೂ ಹೇಳಲಿಲ್ಲ. ಸುಮ್ಮನೆ ನಿಂತಿದ್ದೆ. ಎಂಎಸ್ಸಿ ಸೀಟು ಕೊಡುವಾಗ ಆ ಭಿತ್ತಿಪತ್ರ ಲೆಕ್ಕಕ್ಕೆ ಬಂತು.

ಕ್ಷಮಿಸು ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಆದದ್ದನ್ನು ಆದ ಹಾಗೆ ಬರೆದಿದ್ದೇನೆ.

ಸೌಮ್ಯಶ್ರೀ

*

ಅಶೋಕಪುರಂ
22 ಏಪ್ರಿಲ್ 2024

ಸೌಮ್ಯಾ,

ನೀನು ಹೇಳದಿದ್ದರೂ ನನಗೆ ಗೊತ್ತಿತ್ತು. ಮೇಷ್ಟರನ್ನು ಆಗಲೇ ಕೇಳಿದ್ದೆ. ನೀನಾಗಿ ಯಾವತ್ತು ಹೇಳುತ್ತೀಯ ಎಂದು ಒಂದು ವರ್ಷ ನೋಡಿದೆ, ಆಮೇಲೆ ನೋಡುವುದನ್ನು ಬಿಟ್ಟೆ. ಅದರ ಮಾತು ಇಲ್ಲಿಗೆ ಸಾಕು.

ನನ್ನದೂ ಒಂದು ಇದೆ. ಫೆಬ್ರವರಿ ಹದಿನಾರರಂದು, ಮಗು ತೀರಿಕೊಂಡ ಹಿಂದಿನ ದಿನ, ವಾರ್ಡಿನಲ್ಲಿ ಹದಿನಾಲ್ಕು ಮಕ್ಕಳಿಗೆ ನಾವಿಬ್ಬರೇ ನರ್ಸುಗಳು. ಮಧ್ಯಾಹ್ನ ಮಹದೇವಿಯ ಮಗುವಿಗೆ ಬಟ್ಟೆ ಬದಲಾಯಿಸುತ್ತಿದ್ದೆ. ಪಕ್ಕದ ತೊಟ್ಟಿಲಿನ ಮಗು ಉಸಿರು ಹಿಡಿದು ನೀಲಿಯಾಗತೊಡಗಿತು. ಕೈ ತೊಳೆಯದೆ ಓಡಿ ಅದನ್ನು ಎತ್ತಿಕೊಂಡೆ. ಅದಕ್ಕೆ ಏನೂ ಆಗಲಿಲ್ಲ, ನಂಜೂ ತಾಗಲಿಲ್ಲ. ಆದರೆ ಕೈ ತೊಳೆಯಲಿಲ್ಲ ಎಂಬುದು ನಿಜ. ನನ್ನ ಕೈ ನನಗೆ ಗೊತ್ತು ಎಂದು ನಿನಗೆ ಅಷ್ಟು ಗಟ್ಟಿಯಾಗಿ ಬರೆದೆನಲ್ಲ, ಆ ಒಂದು ಸಲವನ್ನು ಬಿಟ್ಟು ಬರೆದಿದ್ದೆ.

ಇದನ್ನು ಸಮಿತಿಗೂ ಬರೆದು ಕೊಟ್ಟು ಬಂದೆ. ಅಮ್ಮ, "ಯಾರೂ ನೋಡ್ಲಿಲ್ಲ, ಯಾರೂ ಕೇಳ್ಲಿಲ್ಲ. ನೀನ್ಯಾಕವ್ವ ಬಾಯಿ ಬಿಟ್ಟೆ?" ಎಂದು ಅಡುಗೆಮನೆಯಲ್ಲಿ ಕೂತು ಅತ್ತಳು. ಅಪ್ಪ ಮಾತ್ರ, "ಬುಡು, ಹೇಳಿದ್ದೇ ಸರಿ ಕಣವ್ವ. ಅವ್ರು ಹುಡುಕಿ ತೆಗೆಯೋಕ್ಕಿಂತ ನೀನೇ ಇಟ್ಬುಟ್ಟೆ" ಎಂದರು.

ಇನ್ನು ನಿನ್ನ ಯಂತ್ರ ಏನು ಹೇಳುತ್ತದೋ ಹೇಳಲಿ.

ಸುಮಾ

*

ಸರಸ್ವತಿಪುರಂ
14 ಮೇ 2024

ಪ್ರಿಯ ಸುಮಾ,

ಸಮಿತಿ ಕೇಳಿದ್ದರಿಂದ ಮಧ್ಯಂತರ ವರದಿ ಕೊಟ್ಟೆವು. ಇವತ್ತು ನಿನಗೂ ಪ್ರತಿ ಕಳಿಸಿದ್ದಾರೆ, ಆದ್ದರಿಂದ ಬರೆಯಬಹುದು.

ಒಂದು, ಮೂರು, ನಾಲ್ಕನೇ ಸ್ಯಾಂಪಲ್‌ಗಳು ಹತ್ತಿರದ ಬಂಧುಗಳು, ನಡುವೆ ಏಳೆಂಟು ಅಕ್ಷರಗಳ ವ್ಯತ್ಯಾಸ. ಮೂರು ಮತ್ತು ಏಳರ ನಡುವೆಯಂತೂ ವ್ಯತ್ಯಾಸವೇ ಇಲ್ಲ. ಐವತ್ತೈದು ಲಕ್ಷದಲ್ಲಿ ಒಂದು ಅಕ್ಷರವೂ ಬೇರೆಯಿಲ್ಲ. ನಾಲ್ಕು ಸಲ ನೋಡಿದೆ. ವರದಿ ಕೊಟ್ಟ ಮೇಲೆ ಸಮಿತಿ ಪಟ್ಟಿ ತೆರೆಯಿತು. ಒಂದು, ಮೂರು, ನಾಲ್ಕು ಆ ಮೂರು ಮಕ್ಕಳು. ಮೂರು ತೀರಿಕೊಂಡ ಮಗು. ಏಳು ನಿನ್ನ ಕೈ.

ಇದರ ಅರ್ಥ ಇಷ್ಟೇ: ಆ ಮಗುವಿನ ಬ್ಯಾಕ್ಟೀರಿಯಾ ಮತ್ತು ನಿನ್ನ ಕೈಯ ಬ್ಯಾಕ್ಟೀರಿಯಾ ಒಂದೇ. ಯಾರಿಂದ ಯಾರಿಗೆ ಬಂತು ಎಂದು ಈ ವರದಿ ಹೇಳುವುದಿಲ್ಲ. ಹಾಗೆಂದು ಕೊನೆಯ ಸಾಲಿನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇವೆ. ಆದರೂ ಡಾ. ವಸಂತ್ ಅವರು ಮೊದಲ ಸಾಲನ್ನು ಮಾತ್ರ ಓದುತ್ತಾರೆ ಎಂದು ನನಗೆ ಗೊತ್ತು. ನನ್ನ ಕೈಯಿಂದಲೇ ಇದು ನಿನ್ನ ಮನೆಗೆ ಬಂತು.

ಕೆಲಸ ಮುಗಿದಿಲ್ಲ. ಸಿಂಕಿನ ಸ್ಯಾಂಪಲ್ ಬೇಕು. ಅದು ಬರುವ ತನಕ ನಾನು ಈ ಫೈಲು ಮುಚ್ಚುವುದಿಲ್ಲ.

ಸೌಮ್ಯಶ್ರೀ

*

ಅಶೋಕಪುರಂ
2 ಜೂನ್ 2024

ಸೌಮ್ಯಾ,

ನಿನ್ನ ಕಾಗದಕ್ಕೆ ಕೂಡಲೇ ಉತ್ತರ ಬರೆಯಲಾಗಲಿಲ್ಲ. ಬೀದಿಯಲ್ಲಿ ಜನ ಮಾತಾಡಿಸುವುದನ್ನು ನಿಲ್ಲಿಸಿದರು. ಕೆಲವರು ಪಾಪ ಎಂದು ಮಾತಾಡಿಸಿದರು, ಅದು ಇನ್ನೂ ಕಷ್ಟ.

ಆ ಮಗುವನ್ನು ಬೆಳಗಿನವರೆಗೂ ಎತ್ತಿಕೊಂಡಿದ್ದವಳು ನಾನು. ಅದರ ಬಾಯಿ ಒರೆಸಿದ್ದೆ, ಎದೆ ಒತ್ತಿದ್ದೆ. ನನ್ನ ಕೈಯಲ್ಲಿ ಅದು ಇರದೆ ಇನ್ನೆಲ್ಲಿರುತ್ತದೆ?

ಕೆಲಸದ ಮಾತು ಕೇಳು. ವಾರ್ಡಿನ ಆಯಾ ಯಶೋಧಮ್ಮ ನಿನ್ನೆ ಮನೆಗೆ ಬಂದಿದ್ದಳು. "ಸಿಂಕ್ ಕಿತ್ತಾಕಿ ಹೊಸದು ಹಾಕವ್ರೆ ಕಣವ್ವ, ಕನ್ನಡಿ ಹಂಗೆ ಹೊಳೀತದೆ. ನೋಡೋಕೆ ಬರೋರು ಬರ್ಲಿ ಅಂತ ಕಾಯ್ತಾವ್ರೆ" ಎಂದಳು. ಕೆಳಗಿನ ಕೊಳವೆ ಏನಾಯಿತು ಎಂದು ಕೇಳಿದೆ. "ಅದು ಗೋಡೆ ಒಳ್ಗಡೆದು, ಅಂಗೇ ಅದೆ" ಎಂದಳು. ಸಿಂಕಿನ ತಟ್ಟೆ ಹೊಸದು, ಬಾಗಿದ ಕೊಳವೆ ಹಳೆಯದು. ಸಮಿತಿಗೆ ಇವತ್ತೇ ಬರೆದಿದ್ದೇನೆ. ಹೊಳೆಯುವುದನ್ನು ಒರೆಸಿಕೊಂಡು ಬರಬೇಡಿ, ಕೊಳವೆ ಬಿಚ್ಚಿಸಿ.

ಸುಮಾ

*

ಸರಸ್ವತಿಪುರಂ
8 ಜುಲೈ 2024

ಪ್ರಿಯ ಸುಮಾ,

ಅಂತಿಮ ವರದಿ ಸಮಿತಿಗೆ ಹೋಗಿದೆ, ನಿನ್ನ ಪ್ರತಿ ನಾಳೆ ತಲುಪುತ್ತದೆ. ಅದಕ್ಕೆ ಮೊದಲು ಇದನ್ನು ಓದಬೇಡ. ಓದುತ್ತೀಯ ಎಂದು ಗೊತ್ತು.

ನೀನು ಹೇಳಿದ ಹಾಗೆ ಕೊಳವೆ ಬಿಚ್ಚಿಸಿದರು. ಬಾಗಿನಲ್ಲಿ ಬೆರಳು ದಪ್ಪ ಲೋಳೆ ಕಟ್ಟಿತ್ತು. ಆಸಿಡ್ ಸುರಿದಿದ್ದರಂತೆ, ಮೇಲಿನ ಪದರ ಸುಟ್ಟಿತ್ತು, ಒಳಗೆ ಬ್ಯಾಕ್ಟೀರಿಯಾ ನೆಮ್ಮದಿಯಾಗಿದ್ದವು. ಅದರಿಂದ ಇಪ್ಪತ್ತನಾಲ್ಕನ್ನು ಬೇರೆ ಬೇರೆಯಾಗಿ ಬೆಳೆಸಿ ಓದಿದೆವು. ಎಲ್ಲವೂ ಒಂದೇ ಕುಟುಂಬ, ಆದರೆ ಹಲವು ಕವಲುಗಳಾಗಿ ಹರಡಿದ ಕುಟುಂಬ. ಎರಡು ದೂರದ ಕವಲುಗಳ ನಡುವೆ ಹದಿನಾಲ್ಕು ಅಕ್ಷರಗಳ ವ್ಯತ್ಯಾಸ. ಎರಡೂ ಕವಲುಗಳಲ್ಲಿ ಒಟ್ಟು ಅಷ್ಟು ತಪ್ಪು ಸೇರಲು ಒಂದು ವರ್ಷಕ್ಕೂ ಹೆಚ್ಚು ಬೇಕು. ನೀನು ಆ ನರ್ಸಿಂಗ್ ಹೋಮಿಗೆ ಕಾಲಿಡುವ ಮೊದಲೇ ಈ ವಂಶ ಆ ಕೊಳವೆಯಲ್ಲಿ ಸಂಸಾರ ಹೂಡಿತ್ತು.

ಇನ್ನು ಮಕ್ಕಳದು. ಮೂರು ಮಕ್ಕಳ ಬ್ಯಾಕ್ಟೀರಿಯಾ ಮೂರು ಬೇರೆ ಬೇರೆ ಕವಲುಗಳಿಗೆ ಸೇರಿವೆ. ಒಬ್ಬರ ಕೈ ಮಗುವಿನಿಂದ ಮಗುವಿಗೆ ದಾಟಿಸಿದ್ದರೆ ಮೂರೂ ಒಂದೇ ಕವಲಿನಲ್ಲಿ, ಒಂದರ ಹಿಂದೆ ಒಂದು ಇರಬೇಕಿತ್ತು. ಹಾಗಿಲ್ಲ. ಪ್ರತಿ ಮಗುವಿಗೂ ಕೊಳವೆಯಿಂದ ನೇರವಾಗಿ, ಬೇರೆ ಬೇರೆ ದಿನ ಬಂದಿದೆ. ನಿನ್ನ ಕೈಯದು ಮೂರನೇ ಮಗುವಿನ ಕವಲಿನ ತುದಿಯಲ್ಲಿದೆ. ಅಲ್ಲಿಂದ ಮುಂದೆ ಯಾರಿಗೂ ಹೋಗಿಲ್ಲ. ನಿನ್ನ ಕೈ ಒರೆಸಿದ್ದೂ ಆ ಮಗು ತೀರಿಕೊಂಡ ಮೇಲೆ, ಹಾಗಾಗಿ ಮಗುವೇ ನಿನಗೆ ಕೊಟ್ಟಿರಬೇಕು, ನೀನು ಯಾರಿಗೂ ಕೊಟ್ಟಿಲ್ಲ.

ಹೇಗೆ ಬಂತು ಎಂಬುದನ್ನೂ ನೋಡಿದೆವು. ಸಮಿತಿಯ ಮುಂದೆ ಸಿಂಕಿನ ತೂತಿಗೆ ಹೊಳೆಯುವ ಹಸಿರು ಬಣ್ಣ ಹಾಕಿ ನಲ್ಲಿ ಬಿಟ್ಟೆ. ನಲ್ಲಿಯ ನೀರು ನೇರ ತೂತಿನ ಮೇಲೆಯೇ ಬೀಳುತ್ತದೆ. ಕಿಟಕಿ ಮುಚ್ಚಿ ನೀಲಿ ದೀಪ ಹಿಡಿದಾಗ ಎರಡೂವರೆ ಅಡಿ ದೂರದ ತನಕ ಹನಿಗಳು ಮಿನುಗಿದವು. ಒಳಲೆಗಳನ್ನು ಆರಲು ಇಡುತ್ತಿದ್ದ ಕಲ್ಲಿನ ಮೇಲೆ ಹನ್ನೊಂದು ಹನಿ. ಗುರುಸಿದ್ದಯ್ಯನವರು ಬಗ್ಗಿ ಒಂದೊಂದನ್ನೂ ಎಣಿಸಿದರು. ಕೈ ತೊಳೆದ ನೀರು ಒಳಗಿನದನ್ನು ಹಾರಿಸಿ, ಕುದಿಸಿ ಇಟ್ಟ ಒಳಲೆಯ ಮೇಲೆ ಕೂರಿಸಿದೆ. ಫೆಬ್ರವರಿಯಲ್ಲಿ ಮಕ್ಕಳಿಗೆ ನಂಜಾದ ದಿನವೇ ಲ್ಯಾಬಿನವರು ಪರೀಕ್ಷಿಸಿದ್ದ ತಾಯಂದಿರ ಹಾಲಿನ ಸ್ಯಾಂಪಲ್‌ಗಳಲ್ಲಿ ಏನೂ ಬೆಳೆದಿಲ್ಲ, ಹಾಗಾಗಿ ಒಳಲೆಯ ದಾರಿ ಇನ್ನೂ ಸ್ಪಷ್ಟ.

ವೆಂಕಟಸುಬ್ಬಯ್ಯನವರು ವರದಿಯ ಕೊನೆಯ ಪುಟಕ್ಕೆ ಸಹಿ ಹಾಕಿ, "ಕೊಳವೆ ಬಿಚ್ಚಿಸಿ ಅಂದೋರು ಯಾರು?" ಎಂದು ಕೇಳಿದರು. ಈ ಸಲ ತಡಮಾಡದೆ ಹೇಳಿದೆ.

ನಿನ್ನ,
ಸೌಮ್ಯಾ

*

ಅಶೋಕಪುರಂ
24 ಜುಲೈ 2024

ಪ್ರಿಯ ಸೌಮ್ಯಾ,

ಮೊದಲು ನಿನ್ನ ಕಾಗದವನ್ನೇ ಓದಿದೆ. ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಹದಿನಾಲ್ಕು ಅಕ್ಷರದ ಭಾಗವನ್ನು ಎರಡು ಸಲ ಓದಿಸಿದರು. ಆಮೇಲೆ ಶರ್ಟು ಹಾಕಿಕೊಂಡು ಬೀದಿಯ ಕೊನೆಯ ಟೀ ಅಂಗಡಿಯ ತನಕ ನಡೆದು ಹೋದರು. ಮೂರು ತಿಂಗಳಿಂದ ಆ ಕಡೆ ಹೋಗಿರಲಿಲ್ಲ.

ಹತ್ತೊಂಬತ್ತರಂದು ಸಮಿತಿ ಕೂತಿತು. ವರದಿಯನ್ನು ನಾನೇ ವಿವರಿಸುತ್ತೇನೆ ಎಂದೆ. ವರದಿಯಲ್ಲಿ ನೀನು ಬಿಡಿಸಿದ ಕವಲುಗಳ ಚಿತ್ರವನ್ನು ಗೋಡೆಗೆ ಹಚ್ಚಿ ತೋರಿಸಿದೆ. ಒಬ್ಬರು ಮಧ್ಯೆ, "ಇದೆಲ್ಲ ನಿಮಗೆ ಅರ್ಥ ಆಗುತ್ತೇನಮ್ಮ?" ಎಂದರು. "ಆಗುತ್ತೆ ಸರ್. ನಿಮಗೆ ಎಲ್ಲಿ ಆಗ್ಲಿಲ್ಲ ಹೇಳಿ, ಇನ್ನೊಂದ್ಸಲ ಹೇಳ್ತೀನಿ" ಎಂದೆ. ಗುರುಸಿದ್ದಯ್ಯನವರು ನಕ್ಕರು.

ಕೈ ತೊಳೆಯದ ಆ ಒಂದು ಸಲಕ್ಕೆ ನನಗೆ ಎಚ್ಚರಿಕೆ ಪತ್ರ ಕೊಟ್ಟರು. ಸಹಿ ಹಾಕಿ ತೆಗೆದುಕೊಂಡೆ. ಹದಿನಾಲ್ಕು ಮಕ್ಕಳಿಗೆ ಇಬ್ಬರೇ ನರ್ಸುಗಳನ್ನು ಇಟ್ಟದ್ದಕ್ಕೆ, ಸ್ಯಾಂಪಲ್ ಕೊಡಲು ತಡ ಮಾಡಿದ್ದಕ್ಕೆ ನರ್ಸಿಂಗ್ ಹೋಮಿನ ಮೇಲೆ ಕ್ರಮ ಆಗುತ್ತದೆ. ಡಾ. ವಸಂತ್ ಬಹಳ ಹೊತ್ತು ಚಿತ್ರವನ್ನೇ ನೋಡುತ್ತಿದ್ದರು. ಆಮೇಲೆ, "ಆ ಸಿಂಕ್ ನಾನೇ ನಿಂತು ಹಾಕ್ಸಿದ್ದು" ಎಂದರು. ಅವರ ದನಿ ಆಗ ಬೇರೆಯಾಗಿತ್ತು. ನಂತರ ನನ್ನ ಕಡೆ ತಿರುಗಿ, "ಸುಮಾ, ನಾಳೆಯಿಂದ ಬಾಮ್ಮ" ಎಂದರು.

"ಬರ್ತೀನಿ ಸರ್. ಒಳಲೆ ತೊಳೆಯೋಕೆ, ಇಡೋಕೆ ಬೇರೆ ಕೋಣೆ ಆಗ್ಬೇಕು. ಪಾಳಿಗೆ ನಾಲ್ಕು ಜನ ಇರ್ಬೇಕು. ನನ್ನ ಅಮಾನತು ತಪ್ಪು ಅಂತ ಅದೇ ನೋಟಿಸ್ ಬೋರ್ಡಲ್ಲಿ ಬರ್ಬೇಕು" ಎಂದೆ.

ಮೂರಕ್ಕೂ ಒಪ್ಪಿದ್ದಾರೆ. ಆಗಸ್ಟ್ ಹನ್ನೆರಡಕ್ಕೆ ಕೆಲಸಕ್ಕೆ ಸೇರುತ್ತೇನೆ. ಸೋಂಕು ತಡೆಯುವ ಕೆಲಸದ ಉಸ್ತುವಾರಿ ನನಗೇ ವಹಿಸಿದ್ದಾರೆ.

ನಿನ್ನ,
ಸುಮಾ

*

ಸರಸ್ವತಿಪುರಂ
30 ಜುಲೈ 2024

ಪ್ರಿಯ ಸುಮಾ,

ನಿನ್ನ ಕಾಗದವನ್ನು ಲ್ಯಾಬಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಚಿತ್ರ ಬಿಡಿಸಿದವಳು ನಾನಾದರೂ ಅಷ್ಟು ಧೈರ್ಯವಾಗಿ ವಿವರಿಸುತ್ತಿರಲಿಲ್ಲ.

ಒಂದು ವಿಷಯ ಮನಸ್ಸಿಗೆ ಹತ್ತಿಕೊಂಡಿದೆ. ವರದಿ ಸಮಿತಿಗೆ ಹೋಯಿತು, ಡಾ. ವಸಂತ್ ಅವರಿಗೆ ಹೋಯಿತು, ನಿನಗೆ ಬಂತು. ಆ ಮೂರು ತಾಯಂದಿರಿಗೆ ಯಾರೂ ಕಳಿಸಿಲ್ಲ. ನಾನು ಕೇಳಿದೆ. "ಅರ್ಜಿ ಹಾಕಿದರೆ ಕೊಡುತ್ತೇವೆ" ಎಂದರು. ಇಂಗ್ಲಿಷಿನಲ್ಲಿರುವ ಹದಿನಾರು ಪುಟ. ಇಂಥದ್ದೊಂದು ಇದೆ ಎಂದೇ ಗೊತ್ತಿಲ್ಲದವರು ಅರ್ಜಿ ಹೇಗೆ ಹಾಕುತ್ತಾರೆ?

ನೀನು ಹೋಗು ಎಂದು ಹೇಳುವ ಹಕ್ಕು ನನಗಿಲ್ಲ. ಆ ತಾಯಿ ನಿನ್ನನ್ನು ಅಷ್ಟು ಅಂದವಳು. ನೀನು ಬೇಡವೆಂದರೆ ನಾನೇ ಹೋಗುತ್ತೇನೆ. ಬರೆ.

ಸೌಮ್ಯಾ

*

ಅಶೋಕಪುರಂ
11 ಆಗಸ್ಟ್ 2024

ಪ್ರಿಯ ಸೌಮ್ಯಾ,

ನಾನೇ ಹೋಗಿ ಬಂದೆ. ಮೊದಲೆರಡು ಮನೆಗಳಿಗೆ ಹೋದ ವಾರ ಹೋದೆ, ಮಕ್ಕಳು ಗುಂಡಗಿದ್ದಾವೆ. ಇವತ್ತು ಬೆಳಿಗ್ಗೆ ಬೆಟ್ಟದ ಬಸ್ಸು ಹತ್ತಿದೆ.

ಭಾನುವಾರ, ಅದೂ ಶ್ರಾವಣ, ಮೇಲೆ ಕಾಲಿಡಲು ಜಾಗವಿರಲಿಲ್ಲ. ಚಂದ್ರುವಿನ ಅಂಗಡಿ ಹುಡುಕಿದೆ. ಹಣ್ಣುಕಾಯಿ ಬುಟ್ಟಿ ಕಟ್ಟುತ್ತಿದ್ದವನು ನನ್ನ ಗುರುತು ಹಿಡಿದು ಎದ್ದು ನಿಂತ.

"ಯಾಕ್ ಬಂದ್ರಿ? ಇನ್ನೇನ್ ಉಳಿದದೆ?"

"ಏನಾಯ್ತು ಅಂತ ಪರೀಕ್ಷೆ ಮಾಡವ್ರೆ. ನಿಮ್ಗೆ ಹೇಳ್ಬೇಕು. ಹೇಳಿ ಹೋಗ್ತೀನಿ."

ಅವನು ನನ್ನ ಕೈಯಲ್ಲಿದ್ದ ಕಾಗದಗಳನ್ನು ನೋಡಿದ. ಆಮೇಲೆ ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ಮುಂದೆ ನಡೆದ. ಮನೆ ಹಿಂದಿನ ಬೀದಿಯಲ್ಲೇ. ಅವನ ತಾಯಿ ಬೋರಮ್ಮ ಜಗಲಿಯ ಮೇಲೆ ಹೂವು ಕಟ್ಟುತ್ತಿದ್ದರು. ಮಹದೇವಿ ಒಳಗಿದ್ದಳು. ಫೆಬ್ರವರಿಯಲ್ಲಿ ನೋಡಿದ ಹೆಣ್ಣು ಇವಳೇ ಎಂದು ನನಗೆ ನಂಬಲಾಗಲಿಲ್ಲ. ಅಷ್ಟು ಇಳಿದುಹೋಗಿದ್ದಾಳೆ. ನನ್ನನ್ನು ನೋಡಿ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆಗೆ ಒರಗಿ ಕೂತು, "ನಿಮ್ಮ ಮೇಲೆ ಹಾಕ್ಬುಟ್ಟೆ, ತಪ್ಪಾಯ್ತು ಅಕ್ಕ" ಎಂದಳು.

ನಾನಿನ್ನೂ ಏನೂ ಹೇಳಿರಲಿಲ್ಲ.

ಸಿಂಕು, ಕೊಳವೆ, ಹಸಿರು ಹನಿ, ಒಳಲೆ, ಎಲ್ಲವನ್ನೂ ಹೇಳಿದೆ. ಕವಲುಗಳ ಚಿತ್ರ ನೆಲದ ಮೇಲೆ ಹರಡಿ ಅವಳ ಮಗು ಎಲ್ಲಿ, ನನ್ನ ಕೈ ಎಲ್ಲಿ ಎಂದು ತೋರಿಸಿದೆ. ಕೈ ತೊಳೆಯದ ದಿನದ ಮಾತನ್ನೂ ಮುಚ್ಚಿಡಲಿಲ್ಲ. ಚಂದ್ರು ಎರಡು ಪ್ರಶ್ನೆ ಕೇಳಿದ, ಉತ್ತರ ಕೊಟ್ಟೆ. ಮಹದೇವಿ ಚಿತ್ರದ ಕಡೆ ನೋಡಲೇ ಇಲ್ಲ. ನಾನು ಮುಗಿಸಿದ ಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು:

"ಅಂಗಾರೆ ನನ್ನ ಹಾಲಲ್ವಾ ಅಕ್ಕ?"

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು ಸೌಮ್ಯಾ. ಆಸ್ಪತ್ರೆಯಲ್ಲಿ ಅವಳೇ ಹಾಲು ಹಿಂಡಿ ಕೊಡುತ್ತಿದ್ದಳು, ನಾವು ಒಳಲೆಯಲ್ಲಿ ಕುಡಿಸುತ್ತಿದ್ದೆವು. ಹಾಲು ಕುಡಿದೇ ಮಗುವಿಗೆ ನಂಜಾಯಿತು ಎಂದು ಯಾರ ಬಾಯಿಂದಲೋ ಬಂದ ಮಾತು ಮನೆ ತನಕ ಬಂದಿದೆ. ಅತ್ತೆ ಅಂದಿದ್ದಾರೆ, ನೆಂಟರು ಅಂದಿದ್ದಾರೆ. ಅವಳು ಆರು ತಿಂಗಳಿಂದ ಅದನ್ನೇ ನಂಬಿಕೊಂಡು ಕೂತಿದ್ದಾಳೆ. ಅಂದು ವರಾಂಡದಲ್ಲಿ ನನ್ನ ಮೇಲೆ ಕೂಗುವಾಗಲೂ ಅವಳ ಒಳಗೆ ಆ ಭಯವೇ ಇತ್ತಂತೆ.

ನಿನ್ನ ವರದಿಯ ಒಂಬತ್ತನೇ ಪುಟ ತೆಗೆದೆ. ಅವಳ ಪಕ್ಕದಲ್ಲಿ ಕೂತು ಆ ಸಾಲಿನ ಮೇಲೆ ಬೆರಳಿಟ್ಟೆ. "ನಿನ್ನ ಹಾಲಲ್ಲ ಕಣವ್ವ. ಇಲ್ಲಿ ಬರೆದವ್ರೆ ನೋಡು. ಅವತ್ತೇ ಪರೀಕ್ಷೆ ಮಾಡವ್ರೆ. ನಿನ್ನ ಹಾಲಲ್ಲಿ ಏನೂ ಇರ್ಲಿಲ್ಲ, ಶುದ್ಧವಾಗಿತ್ತು."

ಅವಳು ಇಂಗ್ಲಿಷ್ ಓದಲಾರಳು. ಆದರೂ ಆ ಸಾಲನ್ನು ಬೆರಳಿನಿಂದ ಮೊದಲಿನಿಂದ ಕೊನೆಯವರೆಗೆ ಸವರಿದಳು. "ಇನ್ನೊಂದ್ಸಲ ಹೇಳಿ" ಎಂದಳು. ಹೇಳಿದೆ. "ಅತ್ತೇನ ಕರೀತೀನಿ, ಅವ್ರ ಮುಂದೇನೂ ಹೇಳಿ" ಎಂದು ಚಂದ್ರುವಿನ ಕಡೆ ನೋಡಿದಳು. ಅವನು ಎದ್ದು ಹೋಗಿ ತಾಯಿಯನ್ನು ಕೈ ಹಿಡಿದು ಕರೆತಂದ. ಬೋರಮ್ಮ ಮಡಿಲಿನ ಹೂವಿನ ಸಮೇತ ಬಾಗಿಲಲ್ಲೇ ನಿಂತರು.

ನಾನು ಬಾಯಿ ತೆರೆದೆ. ಮಹದೇವಿ ನನ್ನ ತೋಳು ಹಿಡಿದು ನಿಲ್ಲಿಸಿದಳು. ಗೋಡೆ ಹಿಡಿದು ಎದ್ದು, ಸೆರಗು ಸರಿಮಾಡಿಕೊಂಡು, ಅವರ ಎದುರಿಗೆ ಹೋಗಿ ನಿಂತಳು.

"ನನ್ನ ಹಾಲಲ್ಲ ಅತ್ತೆ" ಎಂದಳು.

ನಿನ್ನ,
ಸುಮಾ